ಡ್ಯೂಕನ ಮರದ ಕಾಗೆ

ದೊಡ್ಡವರ ಗಡ್ಡದ ವಿಷಯಕ್ಕೆ ಬಾಯಿ ಹಾಕಬಾರದು ಎಂಬ ಬುದ್ಧಿ ಮ್ಯಾಡ್ರಿಡ್ ಪಟ್ಟಣದ ಕ್ಷೌರಿಕರಿಗೆಲ್ಲ ಇತ್ತು. ಪುಸ್ತಕಗಳಿಗೆ ಚಿತ್ರ ಬರೆಯುವ ಲೆಸ್ಮೆಸ್‌ಗೆ ಮಾತ್ರ ಇರಲಿಲ್ಲ. ಇಲ್ಲದ್ದರಿಂದಲೇ ಅವನು ಜೈಲಿನಲ್ಲಿದ್ದ. ಅವನ ಹೆಂಡತಿ ಕಸಿಲ್ದಾ ದಿನಾ ಮಧ್ಯಾಹ್ನ ಕಡಲೆ ಬೇಯಿಸಿದ ಗಡಿಗೆಯನ್ನು ಶಾಲಿನಲ್ಲಿ ಸುತ್ತಿಕೊಂಡು, ಗ್ವಾದರ್ರಾಮ ಬೆಟ್ಟದಿಂದ ಬೀಸುವ ಕೊರೆಯುವ ಗಾಳಿಗೆ ತಲೆ ತಗ್ಗಿಸಿಕೊಂಡು, ಜೈಲಿನ ಸರಳು ಕಿಟಕಿಗೆ ಹೋಗಬೇಕಾಗಿತ್ತು.

ನಡೆದದ್ದು ಇಷ್ಟು. ಬಾಲ್ದೆಸೆರ್ನಾದ ಡ್ಯೂಕ್ ಎಂದರೆ ಆಗ ಅರಸನ ಬಲಗೈ. ಎಡಗೈಯೂ ಅವನೇ ಎಂದು ಜನ ಮುಸಿಮುಸಿ ನಗುತ್ತಿದ್ದರು. ಅರಸ ಬೇಟೆ ನೋಡಿಕೊಳ್ಳುತ್ತಿದ್ದ, ಡ್ಯೂಕ್ ದೇಶ ನೋಡಿಕೊಳ್ಳುತ್ತಿದ್ದ. ಎಲ್ಲ ಇದ್ದವನಿಗೂ ಏನೋ ಒಂದು ಕಡಿಮೆ ಅನ್ನಿಸುತ್ತದಲ್ಲ, ಡ್ಯೂಕನಿಗೆ ತಾತಂದಿರು ಕಡಿಮೆ ಅನ್ನಿಸಿದರು. ತನ್ನ ವಂಶದ ಮರವನ್ನು ಚಿನ್ನದಲ್ಲಿ, ನೀಲಿಯಲ್ಲಿ, ಎಳೆಗರುವಿನ ಚರ್ಮದ ಹಾಳೆಗಳ ಮೇಲೆ ಬರೆಸಿ, ಅರಸನ ಮುಂದೆ ಬಿಚ್ಚಿಡಬೇಕೆಂದು ಅವನ ಆಸೆ. ಹೆಸರುಗಳನ್ನು ಹುಡುಕಿಕೊಡುವುದಕ್ಕೆ ಡಾನ್ ತೆಲ್ಯೊ ಇದ್ದ; ಆಸ್ಥಾನದಲ್ಲಿ ಯಾರ ಗುರಾಣಿಯ ಮೇಲೆ ಯಾವ ಸಿಂಹ ಇರಬೇಕು, ಯಾವ ಕೋಟೆ ಇರಬೇಕು ಎಂದು ಹೇಳುವ ವಂಶಾವಳಿಯ ಪಂಡಿತ. ಮುನ್ನೂರು ವರ್ಷದಾಚೆಗೆ ತಾತಂದಿರು ಸಿಗದಿದ್ದಾಗ ಅವನು ಬೇರೆ ಮನೆಯವರಿಂದ ಕೈಗಡ ತರುತ್ತಿದ್ದ.

ಬರೆಯುವ ಕೆಲಸ ಲೆಸ್ಮೆಸ್ ಮತ್ತು ಕಸಿಲ್ದಾರದು. ಅವರ ಮನೆಯಲ್ಲಿ ಕೆಲಸ ಹಂಚಿಕೆಯಾಗಿತ್ತು: ಮುಖಗಳು ಅವನವು, ಮಿಕ್ಕಿದ್ದೆಲ್ಲ ಅವಳದು. ಎಲೆ, ಬಳ್ಳಿ, ಹಕ್ಕಿ, ಹಣ್ಣು, ಚಿನ್ನದ ರೇಕು ಕೂರಿಸಿ ನಾಯಿಹಲ್ಲಿನಿಂದ ತಿಕ್ಕಿ ಹೊಳಪು ಕೊಡುವುದು, ಎಲ್ಲ. ಸತ್ತ ತಾತಂದಿರ ಮುಖ ಯಾರಿಗೆ ಗೊತ್ತು? ಲೆಸ್ಮೆಸ್ ಬೀದಿಯಲ್ಲಿ ಕಂಡವರನ್ನೆಲ್ಲ ಬರೆದು ಹಾಕಿದ್ದ. ಮರದ ಬುಡದಲ್ಲಿ ಕಬ್ಬಿಣದ ಅಂಗಿ ತೊಟ್ಟು ಮಲಗಿದ್ದ ಮೂಲಪುರುಷ ಡಾನ್ ನೂನ್ಯೊಗೆ ಒಣಮೀನು ಮಾರುವ ಮುದುಕನ ಮುಖ ಬಂದಿತ್ತು. ಅವನ ಎದೆಯಿಂದಲೇ ಮರ ಎದ್ದು ಎರಡು ಹಾಳೆಯ ತುಂಬ ಹರಡಿಕೊಂಡಿತ್ತು. ಎಲ್ಲಕ್ಕಿಂತ ಮೇಲೆ, ಕಿರೀಟದ ಕೆಳಗೆ, ಮೊಟ್ಟೆಯಾಕಾರದ ಒಂದು ಜಾಗ. ಅದು ಬರೆಸುವವನ ಮುಖಕ್ಕೆ. ಬದುಕಿರುವವನ ಮುಖ ಕೊನೆಗೆ ಬರೆಯುವುದು ಆ ಕಸುಬಿನ ಪದ್ಧತಿ.

ಆ ಕೊನೆಯಲ್ಲೇ ಎಡವಟ್ಟಾಯಿತು. ಡ್ಯೂಕ್ ಗಡ್ಡಕ್ಕೆ ಕಪ್ಪು ಹಚ್ಚುತ್ತಿದ್ದ. ಇಡೀ ಮ್ಯಾಡ್ರಿಡ್‌ಗೆ ಗೊತ್ತಿತ್ತು, ಇಡೀ ಮ್ಯಾಡ್ರಿಡ್ ಸುಮ್ಮನಿತ್ತು. ಲೆಸ್ಮೆಸ್ ಆ ಗಡ್ಡವನ್ನು ಕೂದಲೆಳೆ ಬಿಡದೆ ಬರೆದ. ಬುಡದಲ್ಲಿ ಇಣುಕುತ್ತಿದ್ದ ಬಿಳಿಯನ್ನೂ ಬರೆದ.

"ಇದೇನಿದು, ಬುಡದಲ್ಲಿ ಬೆಳ್ಳಗೆ?" ಎಂದು ಡ್ಯೂಕ್ ಕೇಳಿದ.

"ಇರೋದೇ ಹಾಗಲ್ವೇ ಪ್ರಭುಗಳೇ? ತಮಗೆ ಬಣ್ಣ ಕಲಸಿ ಕೊಡೋನು ಕಪ್ಪು ನಿಲ್ಲಿಸೋ ಮಾಚಿಕಾಯಿ ಕಮ್ಮಿ ಹಾಕ್ತಾನೆ. ನನ್ನ ಹತ್ರ ಹೇಳಿ ಕಳಿಸಿ, ಹದವಾಗಿ ಕಲಸಿ ಕೊಡ್ತೀನಿ. ಈಸ್ಟರ್‌ವರೆಗೂ ಅಲ್ಲಾಡಲ್ಲ."

ಪಾಪ, ಅವನು ಸಹಾಯ ಮಾಡುವುದಕ್ಕೇ ಹೇಳಿದ್ದು. ಜೀವಮಾನವೆಲ್ಲ ಬಣ್ಣ ಅರೆದವನಿಗೆ ಕೆಟ್ಟದಾಗಿ ಕಲಸಿದ ಬಣ್ಣ ಕಂಡರೆ ತಡೆಯಲಾಗುವುದಿಲ್ಲ. ಆದರೆ ಅಲ್ಲಿ ಹತ್ತಾರು ಜನ ದರಬಾರಿಗಳು ನಿಂತಿದ್ದರು, ಅವರಲ್ಲಿ ಒಬ್ಬನಿಗೆ ನಗು ತಡೆಯದೆ ಕೆಮ್ಮು ಬಂತು. ಆ ಸಂಜೆಯೇ ಲೆಸ್ಮೆಸ್ ಒಳಗೆ ಹೋದ. ಮುಖವನ್ನು ಕೆರೆದು ತೆಗೆಯಬೇಕೆಂದು ಅಪ್ಪಣೆಯಾಯಿತು. ಕಸಿಲ್ದಾ ತಾನೇ ಕೂತು ಕೆರೆದಳು, ಅಳುತ್ತ ಕೆರೆದಳು. ಬೇರೆ ಯಾರಿಂದಲಾದರೂ ಒಳ್ಳೆಯ ಮುಖ ಬರೆಸಿ ಪುಸ್ತಕ ಮುಗಿಸಿ ತಂದರೆ ಗಂಡನ ವಿಷಯ ಯೋಚಿಸೋಣ ಎಂದು ಡ್ಯೂಕ್ ಹೇಳಿ ಕಳಿಸಿದ್ದ. ಅವಳ ಆಸೆಯೆಲ್ಲ ಆ ಒಂದು ಮಾತಿಗೆ ಜೋತುಬಿದ್ದಿತ್ತು.

ಅಷ್ಟರಲ್ಲಿ ಡ್ಯೂಕನೇ ಬಿದ್ದ.

ಸುದ್ದಿ ತಂದವನು ಡಾನ್ ತೆಲ್ಯೊ. ಸಾನ್ ಫೆಲಿಪೆ ಇಗರ್ಜಿಯ ಮೆಟ್ಟಿಲ ಮೇಲೆ ಕೂತು ಊರಿನ ಸುದ್ದಿಯನ್ನೆಲ್ಲ ಅಗಿಯುವ ಜನರಿಂದ ಕೇಳಿ, ಓಡಿ ಬಂದಿದ್ದ. ಮೂಗಿನ ತುದಿ ಕೆಂಪಾಗಿತ್ತು, ಕತ್ತಿನ ಪಟ್ಟಿ ಬೆನ್ನ ಕಡೆಗೆ ತಿರುಗಿತ್ತು.

"ಸುಡಮ್ಮ, ಮೊದಲು ಅದನ್ನ ಸುಡು!"

"ಏನನ್ನ?"

"ಪುಸ್ತಕಾನ! ಅರಸರು ಡ್ಯೂಕ್‌ಗೆ 'ಹಳ್ಳಿಗೆ ಹೋಗಿ ವಿಶ್ರಾಂತಿ ತಗೊಳ್ಳಿ' ಅಂದುಬಿಟ್ರಂತೆ. ಬೆಳಗಿನ ಪೂಜೆ ಮುಗಿಯೋಕ್ಮುಂಚೆ ಬಂಡಿ ಹೊರಟುಹೋಯ್ತು. ಆಗಲೇ ಅವನ ಮನೆ ಬಾಗಿಲಿಗೆ ಜನ ಸಗಣಿ ಎಸೀತಿದಾರೆ."

"ಬಿದ್ದವನಿಗೆ ಆಳಿಗೊಂದು ಕಲ್ಲು," ಎಂದಳು ಒಲೆಯ ಮುಂದೆ ಕೂತಿದ್ದ ಮುದುಕಿ ತೊರಿಬಿಯಾ, ಕಸಿಲ್ದಾಳ ಅತ್ತೆ. "ನೀನು ಎಸೆದ್ಯೋ ಇಲ್ವೋ, ಡಾನ್ ತೆಲ್ಯೊ?"

"ನಗೋ ಹೊತ್ತಲ್ಲ ಅಜ್ಜಿ ಇದು. ಹೊಸ ಮಂತ್ರಿ ಯಾರು ಗೊತ್ತಾ? ಕೌಂಟ್ ಒರ್ನೀಯಾ!"

ಕಸಿಲ್ದಾಳ ಕೈಯಲ್ಲಿದ್ದ ಬಣ್ಣ ಕಲಸುವ ಚಿಪ್ಪು ಕೆಳಗೆ ಬಿತ್ತು.

ಒರ್ನೀಯಾ ಎಂದರೆ ಡ್ಯೂಕನ ಚಿಕ್ಕಪ್ಪನ ಮಗ. ಇಬ್ಬರೂ ಹಾವು ಮುಂಗುಸಿ. ಮರದಲ್ಲಿ ಎಡಗಡೆಗೆ ಕೆಳಗೊಂದು ಕೊಂಬೆ ಅವನದು. ಹಿಂದಿನ ವಸಂತದಲ್ಲಿ ಕೆಲಸ ನೋಡಲು ಬಂದಿದ್ದ ಡ್ಯೂಕ್, ಆ ಕೊಂಬೆಯ ಮೇಲೆ ಬೆತ್ತ ಇಟ್ಟು, "ಇವನಿಗ್ಯಾಕೆ ಇಷ್ಟೊಂದು ಎಲೆ? ಹುಟ್ಟಿದ ಮಕ್ಕಳಲ್ಲಿ ಒಂದೂ ಉಳೀಲಿಲ್ಲ. ಒಣ ಕೊಂಬೆ ಮಾಡು. ಮೇಲೊಂದು ಕಾಗೆ ಕೂರಿಸು," ಎಂದಿದ್ದ. ಸುತ್ತಲಿದ್ದವರು ಹೊಟ್ಟೆ ಹಿಡಿದು ನಕ್ಕಿದ್ದರು. ಅದನ್ನು ಬರೆದವಳು ಕಸಿಲ್ದಾ.

ಬರೆಯುವಾಗ ಅವಳಿಗೆ ಆದದ್ದು ಅವಳಿಗೇ ಗೊತ್ತು. ಮದುವೆಯಾಗಿ ತಲೆಯಲ್ಲಿ ಬಿಳಿಕೂದಲು ಕಂಡರೂ ಅವಳಿಗೂ ಮಕ್ಕಳಾಗಿರಲಿಲ್ಲ. ಜಗಳವಾದಾಗೆಲ್ಲ ತೊರಿಬಿಯಾ ಮಾತಿನ ಕೊನೆಗೆ, ಊಟದ ಕೊನೆಗೆ ಕೈ ತೊಳೆದಷ್ಟು ಸಲೀಸಾಗಿ, "ಒಣ ಕೊಂಬೆ" ಎಂದು ಸೇರಿಸುತ್ತಿದ್ದಳು. ಆ ಒಣ ಕೊಂಬೆಯನ್ನೇ ಈಗ ಡ್ಯೂಕನ ಅಪ್ಪಣೆಯ ಮೇರೆಗೆ ಬರೆಯಬೇಕಾಗಿ ಬಂದಾಗ ಅವಳು ಹಲ್ಲು ಕಚ್ಚಿ ಬರೆದಳು. ಕಾಗೆಯೋ, ಅವಳ ಕೈಯಿಂದ ಅದುವರೆಗೆ ಬಂದ ಹಕ್ಕಿಗಳಲ್ಲೆಲ್ಲ ಜೀವಂತ ಹಕ್ಕಿಯಾಗಿ ಬಂತು; ಕತ್ತು ಕೊಂಕಿಸಿ ನೋಡುವವರನ್ನೇ ನೋಡುತ್ತಿತ್ತು. ಆದರೆ ಎಲ್ಲ ಮುಗಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. ಅಳಿಲಕೂದಲ ಸಣ್ಣ ಕುಂಚದಲ್ಲಿ, ಕಾಗೆಯ ಕಾಲಬೆರಳುಗಳ ಸಂದಿಯಲ್ಲಿ, ಸಾಸಿವೆಯಷ್ಟು ಹಸಿರು ಇಟ್ಟಳು. ಒಂದು ಚಿಗುರು. ಡ್ಯೂಕನ ಕಣ್ಣು ಮಂದ; ಅವನಿಗೆ ಕಾಣಲಿಲ್ಲ. ಆಮೇಲೆ ಅವಳೂ ಅದನ್ನು ಮರೆತಳು.

"ಒರ್ನೀಯಾಗೆ ಕಾಗೆಯ ವಿಷಯ ಗೊತ್ತಾ?" ಎಂದು ಈಗ ಅವಳು ಕೇಳಿದಳು.

"ಡ್ಯೂಕ್ ಊಟಕ್ಕೆ ಕೂತಾಗೆಲ್ಲ ಅದನ್ನೇ ಹೇಳ್ಕೊಂಡು ನಗ್ತಿದ್ದ. ಗೋಡೆಗೂ ಕಿವಿ ಇರೋ ಊರು ಇದು. ಇಷ್ಟಕ್ಕೇ ಮುಗೀಲಿಲ್ಲ. ಬರೋ ಶನಿವಾರ ಪುಸ್ತಕ ತಗೊಂಡು ಬಾ ಅಂತ ಒರ್ನೀಯಾ ನನಗೆ ಹೇಳಿ ಕಳಿಸಿದಾನೆ. ಸುಟ್ಟುಬಿಡೋಣ. ಇಲಿ ತಿಂದ್ವು ಅಂತ ಕಾಗೆ ಹಾರಿಸೋಣ."

"ಕಾಗೆ ಹಾರಿಸಿದ್ದು ಸಾಕಾಗಿದೆ," ಎಂದಳು ಕಸಿಲ್ದಾ. "ಸುಟ್ಟರೆ ನಾನೇನು ಹಿಡ್ಕೊಂಡು ಹೋಗಿ ನನ್ನ ಗಂಡನ್ನ ಕೇಳ್ಲಿ? ಅವರನ್ನ ಒಳಗೆ ಹಾಕಿದ್ದು ಬಾಯಿಮಾತಲ್ಲಿ. ಕಾಗದ ಇಲ್ಲ, ವಿಚಾರಣೆ ಇಲ್ಲ. ಜೈಲಿನವನು ಹೇಳ್ತಾನೆ, ಮಂತ್ರಿ ಬಾಯಿಂದ ಬಂದದ್ದು ಮಂತ್ರಿ ಬಾಯಿಂದಾನೇ ಹೋಗ್ಬೇಕು ಅಂತ. ಈಗ ಆ ಬಾಯಿ ಒರ್ನೀಯಾದು."

"ಆ ಬಾಯಿಗೆ ನೀನು ಕಾಗೆ ಕೂರಿಸಿದೀಯ!"

"ಕೂರಿಸಿದವಳು ನಾನೇ, ಎಬ್ಬಿಸೋಳೂ ನಾನೇ."

ಡಾನ್ ತೆಲ್ಯೊ ಅವಳನ್ನು ಹುಚ್ಚಿ ಎಂಬಂತೆ ನೋಡಿದ. ಆದರೆ ಕಸಿಲ್ದಾ ಆಗಲೇ ಹಾಳೆಗಳನ್ನು ಮೇಜಿನ ಮೇಲೆ ಹರಡಿದ್ದಳು. ಡ್ಯೂಕ್, ಒರ್ನೀಯಾ ಇಬ್ಬರೂ ಒಬ್ಬನೇ ತಾತನ ಮೊಮ್ಮಕ್ಕಳು. ಬುಡದ ಡಾನ್ ನೂನ್ಯೊನಿಂದ ಹಿಡಿದು ಆ ತಾತನವರೆಗೆ ಒಂದು ಎಲೆಯನ್ನೂ ಮುಟ್ಟಬೇಕಾಗಿರಲಿಲ್ಲ. ಮೇಲಿನ ಮುಖದ ಜಾಗ ಹೇಗೂ ಖಾಲಿ. ಎಡಗಡೆಯ ಒಣ ಕೊಂಬೆಗೆ ಹಸಿರು ತುಂಬಿ, ಬಳ್ಳಿಯ ಹಾಗೆ ಬಳುಕಿಸಿ ಮೇಲಕ್ಕೆ ಕೊಂಡೊಯ್ದು ಆ ಖಾಲಿ ಜಾಗಕ್ಕೆ ಮುಟ್ಟಿಸಿದರೆ ಆಯಿತು. ಡ್ಯೂಕನ ಕೊಂಬೆ ಒಂದು ಎಲೆಗೊಂಚಲಿನಲ್ಲಿ ಮುಗಿಯುತ್ತದೆ. ಮಂತ್ರಿ ಬದಲಾದರೂ ತಾತ ಬದಲಾಗಲಿಲ್ಲವಲ್ಲ.

"ಗಾಳಿ ಬಂದಾಗ ತೂರಿಕೋ ಅನ್ನೋದು ಇದಕ್ಕೇ," ಎಂದಳು ತೊರಿಬಿಯಾ. ಸೊಸೆಯನ್ನು ಹೊಗಳಿದ್ದು ತನಗೇ ಗೊತ್ತಾಗಿ, "ಒಲೆಗೆ ಸೌದೆ ತಂದಿಡು ಮೊದ್ಲು," ಎಂದು ಸೇರಿಸಿದಳು.

ಮಾರನೆಯ ಮಧ್ಯಾಹ್ನ ಜೈಲಿನ ಕಿಟಕಿಯಲ್ಲಿ ಲೆಸ್ಮೆಸ್ ಗಡಿಗೆಗೆ ಮುಖ ಇಟ್ಟು ಕಡಲೆ ತಿನ್ನುತ್ತ ಎಲ್ಲ ಕೇಳಿದ. ತೆಳ್ಳಗಾಗಿದ್ದ, ಕೆಮ್ಮುತ್ತಿದ್ದ. ಗಂಡನ ಬೆರಳುಗಳ ಗೆಣ್ಣು ಚಳಿಗೆ ಊದಿಕೊಂಡಿರುವುದನ್ನು ನೋಡಿ ಕಸಿಲ್ದಾ ಸರಳಿನ ಒಳಗೆ ಕೈ ತೂರಿಸಿ ಅವನ್ನು ಉಜ್ಜಿದಳು.

"ಕಾಗೇನ ಕೆರೀಬೇಡ," ಎಂದ ಅವನು. "ಮಸಿ ಚರ್ಮದೊಳಗೆ ಇಳಿದಿದೆ. ಕೆರೆದರೆ ತೂತು ಬೀಳುತ್ತೆ."

"ಮತ್ತೇನು ಮಾಡ್ಲಿ ರೀ?"

"ಹದ್ದು ಮಾಡು. ರೆಕ್ಕೆಗೆ ಚಿನ್ನ ಎಳೀ, ಕೊಕ್ಕು ಬಗ್ಗಿಸು."

"ಕಾಲು?"

"ಕಾಲು ಯಾರು ನೋಡ್ತಾರೆ?"

"ಒರ್ನೀಯಾ ಮುಖ ಬರಿಯೋಕೆ ನಿಮ್ಮನ್ನೇ ಬಿಡಿ ಅಂತ ಕೇಳ್ತೀನಿ. ನೀವು ಬಂದು ಮತ್ತೆ ಗಡ್ಡದ ಮಾತು ಎತ್ತಿದ್ರೆ ಈ ಸಲ ನಾನೇ ನಿಮ್ಮನ್ನ ಇಲ್ಲಿಗೆ ತಂದು ಬಿಡ್ತೀನಿ. ಸಂತ ಲೂಕನ ಆಣೆ ಮಾಡಿ."

ಸಂತ ಲೂಕ ಚಿತ್ರ ಬರೆಯುವವರ ದೇವರು. ಲೆಸ್ಮೆಸ್ ಚಮಚ ಕೆಳಗಿಟ್ಟು ಆಣೆ ಮಾಡಿದ. ಆಮೇಲೆ ಚಮಚ ಎತ್ತಿಕೊಳ್ಳುತ್ತ, "ಆದ್ರೂ ಮಾಚಿಕಾಯಿ ಕಮ್ಮಿ ಆಗಿದ್ದು ನಿಜ ಕಣೆ," ಎಂದ.

ಆ ವಾರವೆಲ್ಲ ಕಸಿಲ್ದಾ ಮೇಜು ಬಿಟ್ಟು ಏಳಲಿಲ್ಲ. ಒಣ ಕೊಂಬೆ ಚಿಗುರಿತು, ಎಲೆ ಬಿಟ್ಟಿತು, ಬಳುಕಿ ಮೇಲೇರಿತು. ಬರೀ ಎಲೆಯಾದರೆ ಸಾಲದು ಎಂದು ಡಾನ್ ತೆಲ್ಯೊ ಬೆನ್ನ ಹಿಂದೆ ನಿಂತು ಪೀಡಿಸಿದ. ಹೊಸ ಮಂತ್ರಿಗೆ ಹಣ್ಣಿಲ್ಲದ ಕೊಂಬೆಯೇ? ಅವನ ಕಾಟ ತಡೆಯಲಾರದೆ ಅವಳು ಕೆಂಪು ದಾಳಿಂಬೆಗಳನ್ನು ತೂಗಹಾಕಿದಳು. ಹದ್ದಿನ ಕಾಲ ಬುಡದಲ್ಲಿ ಒಂದು ಅಗಲವಾದ ಎಲೆ ಬಂತು. ಡಾನ್ ತೆಲ್ಯೊ ಮೊದಲ ಹಾಳೆಯಲ್ಲಿ ಒಬ್ಬನ ಹೆಸರು ಕೆರೆದು ಇನ್ನೊಬ್ಬನ ಹೆಸರು ಬರೆದ. ಬಿರುದುಗಳನ್ನು ಹಾಗೆಯೇ ಉಳಿಸಿಕೊಂಡ.

ಶನಿವಾರ ಬಂತು. ಒರ್ನೀಯಾನ ಮನೆಯ ಹಜಾರದಲ್ಲಿ ಬೇಡುವವರ ಸಾಲು ಬಾಗಿಲಾಚೆಗೂ ಇತ್ತು. ಹೋದ ತಿಂಗಳು ಡ್ಯೂಕನ ಹಜಾರದಲ್ಲಿ ಕಂಡ ಮುಖಗಳನ್ನೇ ಕಸಿಲ್ದಾ ಇಲ್ಲೂ ಕಂಡು, ಅವರೂ ಇವಳನ್ನು ಕಂಡು, ಎಲ್ಲರೂ ಗೋಡೆ ನೋಡಿದರು. ಒಳಗೆ ಕರೆದಾಗ ಡಾನ್ ತೆಲ್ಯೊ ಕತ್ತಿನ ಪಟ್ಟಿ ಸರಿಮಾಡಿಕೊಂಡ.

ಹೊಸ ಮಂತ್ರಿ ಒಬ್ಬನೇ ಕಿಟಕಿಯ ಹತ್ತಿರ ಬೆಂಕಿಯ ಕುಂಡಕ್ಕೆ ಕಾಲು ಚಾಚಿ ಕೂತಿದ್ದ. ದಪ್ಪ ಮನುಷ್ಯ, ಗಂಟಲು ಒಡೆದ ದನಿ, ತಲೆ ಗಡ್ಡ ಎಲ್ಲ ಬೆಳ್ಳಗೆ. ಪುಸ್ತಕ ತೆಗೆದುಕೊಂಡ, ಡಾನ್ ತೆಲ್ಯೊನ ಹೊಗಳಿಕೆಗೆ ಕಿವಿಗೊಡದೆ, ಮೂಲಪುರುಷನನ್ನೂ ಕಿರೀಟವನ್ನೂ ನೋಡದೆ, ನೇರವಾಗಿ ಎಡಗಡೆಯ ಕೊಂಬೆಗೆ ಬೆರಳಿಟ್ಟ.

"ಕಾಗೆ ಎಲ್ಲಿ?"

ಡಾನ್ ತೆಲ್ಯೊ ಕಸಿಲ್ದಾಳ ಕಡೆ ನೋಡಿದ.

"ನನ್ನ ಕೊಂಬೆ ಮೇಲೊಂದು ಕಾಗೆ ಇತ್ತಂತಲ್ಲ. ಬಲು ಚೆನ್ನಾಗಿತ್ತಂತೆ. ನಮ್ಮಣ್ಣ ನನ್ನ ಬಗ್ಗೆ ಏನಂದ್ಕೊಂಡಿದ್ದ ಅಂತ ನೋಡೋಣ ಅಂತಲೇ ಕರೆಸಿದ್ದು. ಎಲ್ಲಿ ಅದು?"

"ಎಂಥ ಕಾಗೆ ಪ್ರಭುಗಳೇ! ಇಲ್ಲಿರೋದು ಹದ್ದು," ಎಂದ ಡಾನ್ ತೆಲ್ಯೊ. "ತಮ್ಮ ಪರಾಕ್ರಮಕ್ಕೆ ತಕ್ಕ ಹದ್ದು."

ಒರ್ನೀಯಾ ಬಗ್ಗಿ ನೋಡಿದ. ಹದ್ದನ್ನು ನೋಡಿದ, ಅದರ ಕಾಲು ನೋಡಿದ. "ಹದ್ದು ಕಾಗೆಯ ಚಪ್ಪಲಿ ಹಾಕ್ಕೊಂಡು ಬಂದಿದೆ," ಎಂದು ನಗತೊಡಗಿದ. ದೊಡ್ಡ ಹೊಟ್ಟೆಯ ನಗು. ಕುಂಡದ ಬೂದಿ ಅಲುಗಾಡಿತು. ಡಾನ್ ತೆಲ್ಯೊ ಅವಸರವಸರವಾಗಿ ತಾನೂ ನಕ್ಕ. ಕಸಿಲ್ದಾಳಿಗೆ ಹೋದ ಉಸಿರು ಬಂದಂತಾಯಿತು.

ಬಂದ ಉಸಿರು ಅಲ್ಲೇ ನಿಂತಿತು. ಮಂತ್ರಿಯ ನಗು ಇದ್ದಕ್ಕಿದ್ದಂತೆ ಆರಿತ್ತು. ಅವನ ಬೆರಳು ದಾಳಿಂಬೆಗಳ ಮೇಲಿತ್ತು.

"ಇದೇನು?"

"ಹಣ್ಣು, ಪ್ರಭುಗಳೇ. ತಮ್ಮ ವಂಶ..." ಎಂದು ಶುರುಮಾಡಿದ ಡಾನ್ ತೆಲ್ಯೊ.

"ಐದು ಮಕ್ಕಳನ್ನ ಮಣ್ಣು ಮಾಡಿದೀನಿ ನಾನು," ಎಂದ ಒರ್ನೀಯಾ. ದನಿ ಏರಿಸಲಿಲ್ಲ. "ನಮ್ಮಣ್ಣ ಕಾಗೆ ಕೂರಿಸಿ ನಕ್ಕ. ಅವನು ನಗೋನು, ನಗಲಿ. ನೀವು ಹಣ್ಣು ಕಟ್ಟಿ ತಂದಿದೀರಿ. ಯಾವುದು ಹೆಚ್ಚು ಗೇಲಿ?"

ಡಾನ್ ತೆಲ್ಯೊ ಒಂದು ಹೆಜ್ಜೆ ಹಿಂದೆ ಸರಿದು, ಕಸಿಲ್ದಾಳನ್ನು ಮುಂದೆ ಬಿಟ್ಟು ನಿಂತ. ಅವಳಿಗೆ ನಾಚಿಕೆಯಾಯಿತು; ಹೆದರಿಕೆಗಿಂತ ನಾಚಿಕೆಯೇ ಹೆಚ್ಚಾಯಿತು. ಆ ಹಣ್ಣುಗಳು ಸುಳ್ಳು ಎಂದು ಬರೆಯುವಾಗಲೇ ಅವಳಿಗೆ ಗೊತ್ತಿತ್ತಲ್ಲ! ಮಕ್ಕಳಿಲ್ಲದವಳ ಮುಂದೆ ಯಾರಾದರೂ ತೊಟ್ಟಿಲ ಹಾಡು ಹಾಡಿದರೆ ಹೇಗಿರುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಒರ್ನೀಯಾ ಹೆಬ್ಬೆರಳನ್ನು ನಾಲಿಗೆಗೆ ಒತ್ತಿ, ಹದ್ದಿನ ಕಾಲ ಬುಡದ ಅಗಲ ಎಲೆಯನ್ನು ಉಜ್ಜಿದ. ನಿನ್ನೆ ಮೊನ್ನೆ ಗೋಂದಿನಲ್ಲಿ ಕಲಸಿ ಹಚ್ಚಿದ ಬಣ್ಣ. ಎಂಜಲಿಗೆ ಎದ್ದು ಬಂತು. ಕೆಳಗೆ, ಮೊಟ್ಟೆಯ ಬಿಳಿ ಹಾಕಿ ಬರೆದು ಕಲ್ಲಿನಂತೆ ಒಣಗಿದ್ದ ಹಳೆಯ ಕೊಂಬೆ ಕಾಣಿಸಿತು. "ಹಾಂ, ಇದಪ್ಪ ನಾನು," ಎಂದು ಅವನು ಹಾಳೆಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದ. ಬಹಳ ಹೊತ್ತು ನೋಡಿದ.

"ಇಲ್ಲೊಂದು ಹಸಿರು ಚುಕ್ಕೆ ಇದೆ."

ಕಸಿಲ್ದಾಳಿಗೆ ಆಗ ನೆನಪಾಯಿತು. ಅವಳು ಮುಖ ಮುಚ್ಚಿಕೊಂಡಳು.

"ಇದು ಹೊಸ ಬಣ್ಣ ಅಲ್ಲ. ಉಜ್ಜಿದ್ರೂ ಹೋಗ್ತಿಲ್ಲ. ಇದನ್ನೂ ನಮ್ಮಣ್ಣ ಬರೆಸಿದ್ನಾ?"

"ಇಲ್ಲ ದೊರೆ. ಅವರು ಬರೆಸಿದ್ದು ಒಣ ಕೊಂಬೆ, ಕಾಗೆ. ಚಿಗುರು ನಾನೇ ಇಟ್ಟಿದ್ದು. ಯಾರಿಗೂ ಹೇಳಿರ್ಲಿಲ್ಲ."

"ಯಾಕೆ ಇಟ್ಟೆ? ಆಗ ನಾನು ಯಾರೂ ಆಗಿರ್ಲಿಲ್ಲ. ನಿನಗೆ ನನ್ನಿಂದ ಏನೂ ಆಗ್ಬೇಕಾಗಿರ್ಲಿಲ್ಲ."

"ನಿಮಗೆ ಅಂತ ಇಟ್ಟಿದ್ದಲ್ಲ," ಎಂದಳು ಕಸಿಲ್ದಾ. ಡಾನ್ ತೆಲ್ಯೊ ಹಿಂದಿನಿಂದ ಅವಳ ಶಾಲು ಜಗ್ಗಿದ, ಅವಳು ನಿಲ್ಲಿಸಲಿಲ್ಲ. "ನಮ್ಮನೇಲಿ ನನ್ನನ್ನೂ ಒಣ ಕೊಂಬೆ ಅಂತಾರೆ. ನನಗೂ ಮಕ್ಕಳಿಲ್ಲ. ಬರೀತಾ ಬರೀತಾ ನನ್ನನ್ನೇ ಬರ್ಕೋತಿದೀನಿ ಅನ್ನಿಸ್ತು. ಪೂರ್ತಿ ಒಣಗಿಸೋಕೆ ಕೈ ಬರ್ಲಿಲ್ಲ. ಅಷ್ಟೇ. ಈ ಹಣ್ಣು ಬರೆದದ್ದು ಹೆದರಿಕೆಗೆ. ತಪ್ಪಾಯ್ತು."

ಮಂತ್ರಿ ಹಾಳೆಯನ್ನು ಮೆಲ್ಲಗೆ ಮಡಿಲಲ್ಲಿಟ್ಟುಕೊಂಡ. ಹೆಬ್ಬೆರಳಿಗೆ ಅಂಟಿದ್ದ ಹಸಿರನ್ನು ನೋಡಿಕೊಂಡ. ಹೊರಗೆ ಯಾವುದೋ ಇಗರ್ಜಿಯ ಗಂಟೆ ಹೊಡೆಯಿತು, ಹಜಾರದಲ್ಲಿ ಕಾಯುತ್ತಿದ್ದವರು ಕೆಮ್ಮಿದರು.

"ಹಣ್ಣು ತೆಗೆದುಬಿಡು," ಎಂದ ಕೊನೆಗೆ. "ನಾನು ಉಜ್ಜಿದ ಎಲೆ ಮತ್ತೆ ಬರೀಬೇಡ. ಆ ಚಿಗುರು ಹಾಗೇ ಕಾಣ್ತಿರ್ಲಿ. ಹದ್ದೂ ಇರ್ಲಿ, ಬೇಜಾರಾದಾಗ ನೋಡಿ ನಗೋಕೆ. ಮೇಲೆ ಈ ಜಾಗ ಯಾಕೆ ಖಾಲಿ?"

"ಅದು ತಮ್ಮ ಮುಖಕ್ಕೆ."

"ಬರಿ ಮತ್ತೆ."

"ನಾನು ಮುಖ ಬರಿಯೋಳಲ್ಲ ದೊರೆ. ಮುಖ ನಮ್ಮ ಮನೆಯವರದು. ಇದರಲ್ಲಿರೋ ಮುಖವೆಲ್ಲ ಅವರ ಕೈಯಿಂದ ಬಂದದ್ದು. ಬೇರೆಯವರ ಕೈ ಇದಕ್ಕೆ ಕೂಡ್ಕೊಳ್ಳಲ್ಲ." ಅವಳು ಮೊಣಕಾಲೂರಿದಳು. "ಅವರು ಜೈಲಲ್ಲಿದಾರೆ."

"ಏನು ಮಾಡಿದ?"

ಕಸಿಲ್ದಾ ಹೇಳಿದಳು. ಮಾಚಿಕಾಯಿಯ ವಿಷಯವನ್ನೂ ಬಿಡದೆ ಹೇಳಿದಳು. ಈ ಸಲ ಒರ್ನೀಯಾ ನಕ್ಕ ರಭಸಕ್ಕೆ ಆಳುಗಳು ಬಾಗಿಲು ತೆರೆದು ಇಣುಕಿ ನೋಡಿದರು. ಕಣ್ಣು ಒರೆಸಿಕೊಳ್ಳುತ್ತಲೇ ಅವನು ಅವರಲ್ಲಿ ಒಬ್ಬನನ್ನು ಜೈಲಿಗೆ ಓಡಿಸಿದ. ಬಾಯಿಮಾತಿನಲ್ಲಿ ಒಳಗೆ ಹೋದವನು ಬಾಯಿಮಾತಿನಲ್ಲೇ ಹೊರಗೆ ಬಂದ. ಅಷ್ಟು ದಿನದ ಕಣ್ಣೀರು ತೀರುವುದಕ್ಕೆ ಅಷ್ಟೇ ಸಾಕಾಗಿತ್ತು.

ಲೆಸ್ಮೆಸ್ ಬಂದಾಗ ಅವನಿಂದ ಜೈಲಿನ ಒಣಹುಲ್ಲಿನ ಮುಗ್ಗಲು ವಾಸನೆ ಬರುತ್ತಿತ್ತು. ಕುಂಡದ ಬೆಂಕಿಗೆ ಬೆರಳು ಕಾಯಿಸಿಕೊಂಡು, ಹೆಂಡತಿ ತಂದಿದ್ದ ಚಿಪ್ಪುಗಳನ್ನು ಹರಡಿಕೊಂಡು, ಮಂತ್ರಿಯ ಮುಖವನ್ನೇ ನೋಡುತ್ತ ಕೂತ. ನೋಡಿದ, ನೋಡಿದ. ಕಣ್ಣು ಕಿರಿದು ಮಾಡಿ ಗಡ್ಡದ ಬುಡವನ್ನೇ ನೋಡಿದ. ಕಸಿಲ್ದಾ ಸಂತ ಲೂಕನನ್ನು ನೆನೆದಳು, ದೇವಮಾತೆಯನ್ನು ನೆನೆದಳು, ಗಂಡನ ಬೆನ್ನಿಗೆ ಬೆರಳಿನಿಂದ ಒಂದು ತಿವಿದಳು.

"ಏನೋ ಹೇಳ್ಬೇಕು ಅಂತಿದೀಯಲ್ಲಯ್ಯ," ಎಂದ ಒರ್ನೀಯಾ. "ಹೇಳು."

"ಗಡ್ಡದ ಮಾತು ಎತ್ತಲ್ಲ ಅಂತ ಆಣೆ ಮಾಡಿದೀನಿ ಪ್ರಭುಗಳೇ."

"ನಾನು ಆಣೆ ಬಿಡಿಸಿದೀನಿ. ಹೇಳು."

ಲೆಸ್ಮೆಸ್ ಹೆಂಡತಿಯ ಕಡೆ ತಿರುಗಿದ. "ಬಿಳೀ ಚಿಪ್ಪೊಂದೇ ಸಾಕು ಕಣೆ. ಕರೀದು ಎತ್ತಿಡು. ದೇವರ ದಯೆ, ಬುಡದಿಂದ ತುದೀವರೆಗೂ ಒಂದೇ ಬಣ್ಣ!"

ಕಸಿಲ್ದಾ ಗೋಡೆಗೆ ಒರಗಿ ನಿಂತು ಅತ್ತಳು, ನಕ್ಕಳು. ಯಾವುದು ಯಾವುದೆಂದು ಅವಳಿಗೇ ತಿಳಿಯಲಿಲ್ಲ. ಮಂತ್ರಿಯ ಮುಖ ಇದ್ದ ಹಾಗೆಯೇ ಬಂತು, ಗಲ್ಲದ ಮೇಲಿನ ನರಹುಲಿಯ ಸಮೇತ. ಅವನು ಅದನ್ನು ನೋಡಿ, "ನಮ್ಮಮ್ಮ ಇದ್ದಿದ್ರೆ ಗುರುತು ಹಿಡೀತಿದ್ಲು," ಎಂದಷ್ಟೇ ಹೇಳಿದ. ಡಾನ್ ತೆಲ್ಯೊ ಅಷ್ಟರಲ್ಲಿ ಸಾನ್ ಫೆಲಿಪೆಯ ಮೆಟ್ಟಿಲು ಸೇರಿ, ಕಾಗೆಯನ್ನು ಹದ್ದು ಮಾಡಿದ ಉಪಾಯ ತನ್ನದೇ ಎಂದು ಹೇಳುತ್ತಿದ್ದ. ಅವನ ಪಾಡಿಗೆ ಅವನು ಹೇಳಿಕೊಳ್ಳಲಿ.

ಗಂಡ ಹೆಂಡತಿ ಮನೆ ಮುಟ್ಟಿದಾಗ ತೊರಿಬಿಯಾ ಬಾಗಿಲಲ್ಲೇ ನಿಂತಿದ್ದಳು. ಮಗನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ತಟ್ಟಿ, ಮೂಸಿ, "ಥೂ, ನಾರ್ತಿದೀಯ," ಎಂದು ಅತ್ತಳು. ಒಲೆಯ ಮೇಲೆ ಅಂದು ದೊಡ್ಡ ಗಡಿಗೆಯೇ ಇತ್ತು. ಕಡಲೆಯ ಜೊತೆ ಹಂದಿಯ ಕೊಬ್ಬಿನ ತುಂಡೂ ಬೇಯುತ್ತಿತ್ತು. ಮಗ ಬರುತ್ತಾನೆಂದು ಯಾರೂ ಹೇಳಿ ಕಳಿಸಿರಲಿಲ್ಲ. ಅವಳು ಬೆಳಿಗ್ಗೆಯೇ ಮೂರು ಜನಕ್ಕೆಂದು ಇಟ್ಟಿದ್ದಳು.

ಊಟಕ್ಕೆ ಕೂತಾಗ ಲೆಸ್ಮೆಸ್ ನಡೆದದ್ದನ್ನೆಲ್ಲ ತಾಯಿಗೆ ಹೇಳಿದ. ಚಿಗುರಿನ ಮಾತೂ ಬಂತು. ಅದನ್ನು ಯಾಕೆ ಇಟ್ಟೆ ಎಂದು ಮಂತ್ರಿ ಕೇಳಿದ್ದು, ಕಸಿಲ್ದಾ ಹೇಳಿದ ಉತ್ತರ, ಅದೂ ಬಂತು. ತಡೆಯೋಣವೆಂದು ಕಸಿಲ್ದಾ ಮೇಜಿನ ಕೆಳಗೆ ಗಂಡನ ಕಾಲು ತುಳಿದಳು. ಬಾಯಿ ನಿಲ್ಲುವ ಗಂಡಸಾಗಿದ್ದರೆ ಅವನು ಜೈಲಿಗೇ ಹೋಗುತ್ತಿರಲಿಲ್ಲ. ತೊರಿಬಿಯಾ ಗಡಿಗೆಯಲ್ಲಿ ಸೌಟು ಆಡಿಸಿ, ಕೊಬ್ಬಿನ ತುಂಡನ್ನು ಹುಡುಕಿ, ಮಗನ ತಟ್ಟೆಯನ್ನು ದಾಟಿಸಿ ಸೊಸೆಯ ತಟ್ಟೆಗೆ ಹಾಕಿದಳು. ಹುಟ್ಟಿದಾಗಿನಿಂದ ಆ ತುಂಡು ತನ್ನದೆಂದು ತಿಳಿದಿದ್ದ ಲೆಸ್ಮೆಸ್ ಬಾಯಿ ತೆರೆದುಕೊಂಡೇ ಕೂತ.

ಜಗಳ ನಿಂತಿತೆಂದಲ್ಲ. ಅತ್ತೆ ಸೊಸೆ ಒಂದೇ ಒಲೆಯ ಮುಂದೆ ಇರುವ ಮನೆಯಲ್ಲಿ ಅದು ಆಗುವ ಮಾತೂ ಅಲ್ಲ. ಮುಂದಿನ ವಾರವೇ ಉಪ್ಪಿನ ವಿಷಯಕ್ಕೆ ಜೋರಾಗಿ ಹತ್ತಿಕೊಂಡಿತು. ತೊರಿಬಿಯಾ ಬೈದಳು, ಬೈದಳು, ಕೊನೆಗೆ ಎಂದಿನ ಮಾತಿಗೆ ಬಂದು, ಬಾಯಿ ತೆರೆದು, ಅಲ್ಲೇ ನಿಂತಳು. ಕಸಿಲ್ದಾ ಪಾತ್ರೆ ಹಿಡಿದು ಕಾಯುತ್ತಿದ್ದಳು.

"ಕಾಗೆ!" ಎಂದಳು ಮುದುಕಿ. "ಕಾಗೆ ನೀನು!"

ಕಸಿಲ್ದಾ ಪಾತ್ರೆಯನ್ನು ಕೆಳಗಿಟ್ಟು, ಉಪ್ಪು ತರುವುದಕ್ಕೆ ನಗುತ್ತಲೇ ಬೀದಿಗೆ ಹೊರಟಳು.